ಹಿಟ್ಟಿನ ಕೋಳಿಯ ಕೂಗು: ಕನ್ನಡ ಜೈನ ಬದುಕಿನಲ್ಲಿ ಅಹಿಂಸೆ ಮತ್ತು ಅನೇಕಾಂತ

ಕೋಳಿ ಹಿಟ್ಟಿನದು. ಅದಕ್ಕೆ ನೆತ್ತರಿಲ್ಲ, ಉಸಿರಿಲ್ಲ. ಹಿಟ್ಟನ್ನು ನಾದಿ ತಿದ್ದಿ ಮಾಡಿಟ್ಟ ಗೊಂಬೆ. ಉಜ್ಜಯಿನಿಯ ಅರಸ ಯಶೋಧರ ಅದನ್ನು ಚಂಡಮಾರಿ ದೇವತೆಯ ಮುಂದಿಟ್ಟು ಕತ್ತಿ ಬೀಸಿದಾಗ ಅದು ಜೀವಂತ ಕೋಳಿಯಂತೆಯೇ ಕೂಗುತ್ತದೆ. ಕನ್ನಡ ಸಾಹಿತ್ಯದಲ್ಲಿ ಇಷ್ಟು ಚಿಕ್ಕದಾಗಿದ್ದೂ ಇಷ್ಟು ದೂರ ಕೇಳಿಸುವ ಕೂಗು ಬೇರೊಂದಿಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಒಡಲೆಲ್ಲ ಈ ಒಂದು ಗಳಿಗೆಯ ಸುತ್ತ ಸುತ್ತುತ್ತದೆ. ಯಾವ ಜೀವವೂ ಸಾಯದೆ ಹೋದ ಕಡೆ ಹಿಂಸೆ ನಡೆಯಿತೇ ಎಂಬುದು ಕಾವ್ಯದ ಪ್ರಶ್ನೆ. ನಡೆಯಿತು ಎಂಬುದು ಜನ್ನನ ಉತ್ತರ.

ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ, ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ತಂದೆ ಸುಮನೋಬಾಣ, ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಭಾವ, ‘ಶಬ್ದಮಣಿದರ್ಪಣ’ದ ಕೇಶಿರಾಜ ಸೋದರಳಿಯ. ಅರಮನೆ, ವಿದ್ವತ್ತು, ವ್ಯಾಕರಣ ಎಲ್ಲವೂ ಮನೆಯಂಗಳದಲ್ಲೇ ಇದ್ದ ಈ ಕವಿ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಬಹುಪಾಲು ಕಂದಪದ್ಯಗಳನ್ನು. ನಾಲ್ಕೇ ಅವತಾರಗಳಲ್ಲಿ, ಎಂದರೆ ಅಧ್ಯಾಯಗಳಲ್ಲಿ, ಕಥೆ ಮುಗಿಯುತ್ತದೆ. ದೊಡ್ಡ ಚಂಪೂಗಳ ಕಾಲದಲ್ಲಿ ಬಂದ ಈ ಬಿಗಿಯಾದ ಪುಸ್ತಕ ಓದಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಲೆಂದೇ ಹುಟ್ಟಿದಂತಿದೆ. ಅದಕ್ಕೆ ಕಾರಣವೂ ಇದೆ, ಮುಂದೆ ಬರುತ್ತದೆ.

ಕಥೆ ಹೀಗೆ. ರಾಣಿ ಅಮೃತಮತಿ ರಾತ್ರಿಯ ಹೊತ್ತು ಮಾವುತ ಅಷ್ಟಾವಂಕನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಮಾವುತ ಕುರೂಪಿ, ಒರಟ. ಅರಸ ಇಬ್ಬರನ್ನೂ ಕಣ್ಣಾರೆ ಕಂಡು ಕತ್ತಿ ಹಿರಿಯುತ್ತಾನೆ, ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿ ಮಗನ ಬಾಡಿದ ಮುಖ ಕಂಡು ಕೇಳಿದಾಗ ನಿಜ ಹೇಳಲಾಗದೆ, ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಕನಸಿನ ದೋಷಕ್ಕೆ ಮಾರಿಗೆ ಬಲಿ ಕೊಡು ಎಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹತ್ಯೆಗೆ ಮಗ ಒಪ್ಪುವುದಿಲ್ಲ, ತಾಯಿ ಬಿಡುವುದಿಲ್ಲ. ಇಬ್ಬರ ನಡುವೆ ರಾಜಿಯಾಗಿ ಬಂದದ್ದು ಹಿಟ್ಟಿನ ಕೋಳಿ. ತಾಯಿಯ ಮಾತೂ ಉಳಿಯಿತು, ಮಗನ ವ್ರತವೂ ಉಳಿಯಿತು ಎಂದು ಇಬ್ಬರೂ ಅಂದುಕೊಳ್ಳುತ್ತಾರೆ. ಮನೆಮನೆಗಳಲ್ಲಿ ನಡೆಯುವ ರಾಜಿಗಳೆಲ್ಲ ಹೆಚ್ಚುಕಡಿಮೆ ಇದೇ ಬಗೆಯವು.

ಆ ರಾಜಿಗೆ ತೆರಬೇಕಾದ ಬೆಲೆ ಭಯಂಕರ. ಅಮೃತಮತಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ಮುಂದೆ ತಾಯಿ ಮಗ ನವಿಲು ನಾಯಿಗಳಾಗಿ, ಮುಳ್ಳುಹಂದಿ ಹಾವುಗಳಾಗಿ, ಮೀನು ಮೊಸಳೆಗಳಾಗಿ, ಆಡು ಕೋಣಗಳಾಗಿ, ಕಡೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೊಂದವರು ಬಹುಮಟ್ಟಿಗೆ ತಮ್ಮವರೇ. ಆಮೇಲೆ ಯಶೋಧರನ ಮಗ ಯಶೋಮತಿಗೆ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ: ಅಭಯರುಚಿ, ಅಭಯಮತಿ. ಸುದತ್ತಾಚಾರ್ಯರ ಸಂಘದಲ್ಲಿದ್ದ ಈ ಎಳೆಯರನ್ನು ರಾಜಪುರದ ಅರಸ ಮಾರಿದತ್ತನ ತಳವಾರ ನರಬಲಿಗೆಂದು ಹಿಡಿದು ತರುತ್ತಾನೆ. ಬಲಿಗಂಬದ ಬಳಿ ನಿಂತ ಹುಡುಗ ಅಂಜದೆ ತನ್ನ ಹಳೆಯ ಜನ್ಮಗಳ ಕಥೆ ಹೇಳುತ್ತಾನೆ. ಕೇಳಿದ ಅರಸ ಕತ್ತಿ ಕೆಳಗಿಡುತ್ತಾನೆ. ಚಂಡಮಾರಿಯೇ ಜೀವಬಲಿಯನ್ನು ಬಿಡುತ್ತಾಳೆ. ಹಿಂಸೆ ನಿಲ್ಲುವುದು ಯುದ್ಧದಿಂದಲ್ಲ, ಶಾಪದಿಂದಲೂ ಅಲ್ಲ, ಒಬ್ಬ ಹುಡುಗ ಹೇಳಿದ ಕಥೆಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಕಥೆ ಜನ್ನನ ಸ್ವಂತದ್ದಲ್ಲ. ಹರಿಭದ್ರನ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿ ಅದರ ಹಳೆಯ ರೂಪವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿದ್ದ ಪುಷ್ಪದಂತ ಅಪಭ್ರಂಶದಲ್ಲಿ ಬರೆದ. ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜ ಸಂಸ್ಕೃತದಲ್ಲಿ ಬರೆದ. ಇವೆಲ್ಲಕ್ಕಿಂತ ವಿಸ್ತಾರವಾದದ್ದು ಸೋಮದೇವ ಸೂರಿಯ ‘ಯಶಸ್ತಿಲಕ’. ಅದು ಮುಗಿದದ್ದು 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ. ಪಂಪನಿಗೆ ಆಶ್ರಯ ಕೊಟ್ಟದ್ದೂ ಇದೇ ಮನೆತನ. ದಖ್ಖನಿನ ಜೈನರು ಇಷ್ಟು ಶತಮಾನ, ಇಷ್ಟು ಭಾಷೆಗಳಲ್ಲಿ ಇದೊಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಂಡದ್ದು ಸುಮ್ಮನೆ ಅಲ್ಲ. ಅವರ ಅಹಿಂಸೆಯ ತಿರುಳು ಆ ಹಿಟ್ಟಿನ ಮುದ್ದೆಯಲ್ಲಿತ್ತು.

ಆ ತಿರುಳನ್ನು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಒಂದು ಸೂತ್ರದಲ್ಲಿ ಹಿಡಿದಿಟ್ಟಿದೆ: ಪ್ರಮಾದದ ವಶದಲ್ಲಿರುವ ಮನಸ್ಸು, ಮಾತು, ಮೈಗಳಿಂದ ಪ್ರಾಣಕ್ಕೆ ಕುತ್ತು ಬಂದರೆ ಅದು ಹಿಂಸೆ. ಭಾರ ಬಿದ್ದಿರುವುದು ‘ಪ್ರಮಾದ’ದ ಮೇಲೆ; ಎಚ್ಚರಗೇಡಿತನ, ರಾಗದ್ವೇಷಗಳ ಅಮಲು ಎರಡೂ ಆ ಮಾತಿನಲ್ಲಿ ಸೇರಿವೆ. ಕುಂದಕುಂದಾಚಾರ್ಯರ ‘ಪ್ರವಚನಸಾರ’ ಇನ್ನೂ ಮುಂದೆ ಹೋಗುತ್ತದೆ. ಎದುರಿನ ಜೀವಿ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ನಡೆದವನ ಕಾಲಡಿಗೆ ಜೀವವೊಂದು ಸಿಕ್ಕಿದರೂ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ. ಅಮೃತಚಂದ್ರರ ‘ಪುರುಷಾರ್ಥಸಿದ್ಧ್ಯುಪಾಯ’ದ ಪ್ರಕಾರ ರಾಗಾದಿಗಳು ಹುಟ್ಟುವುದೇ ಹಿಂಸೆ. ಕೈಯಲ್ಲಿದ್ದ ಹಿಂಸೆ ಹೀಗೆ ಮನಸ್ಸಿಗೆ ಸರಿಯುತ್ತದೆ. ಯಶೋಧರ ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದ.

ಸೋಮದೇವನದೊಂದು ಹೋಲಿಕೆ ಇಲ್ಲಿ ಬಹಳ ಬೆಲೆಯುಳ್ಳದ್ದು. ಬೆಸ್ತ ದಿನವಿಡೀ ಗಾಳ ಹಾಕಿ ಕೂತು ಒಂದೂ ಮೀನು ಸಿಗದೆ ಮನೆಗೆ ಹೋದರೂ ಪಾಪಿ. ಉಳುವವನ ನೇಗಿಲಿಗೆ ಎಷ್ಟೋ ಹುಳಗಳು ಸತ್ತರೂ ಅವನಿಗೆ ಆ ಪಾಪವಿಲ್ಲ. ಒಬ್ಬನ ಧ್ಯಾನ ಕೊಲ್ಲುವುದರಲ್ಲಿ, ಇನ್ನೊಬ್ಬನದು ಬೆಳೆಯುವುದರಲ್ಲಿ. ಬೆಸ್ತರ ಬದುಕಿನ ಬಗ್ಗೆ ಈ ಮಾತು ಕಠಿಣ, ಇಂದಿನ ಓದುಗನಿಗೆ ಒಪ್ಪಿಗೆಯಾಗದೆ ಇರಬಹುದು. ಆದರೆ ಹೋಲಿಕೆಯ ಎರಡನೆಯ ಅರ್ಧ ಕನ್ನಡ ನೆಲದಲ್ಲಿ ಬದುಕಾಗಿ ನಿಂತಿತು. ಜೈನರೆಂದರೆ ಮಣ್ಣು ಮುಟ್ಟದ ವ್ಯಾಪಾರಿಗಳು ಎಂದು ನಂಬಿದವರು ಬೆಳಗಾವಿ, ಧಾರವಾಡ ಸೀಮೆಗೆ ಒಮ್ಮೆ ಬರಬೇಕು. ಅಲ್ಲಿನ ಜೈನರಲ್ಲಿ, ಅದರಲ್ಲೂ ಚತುರ್ಥ ಪಂಗಡದವರಲ್ಲಿ, ತಲೆತಲಾಂತರದಿಂದ ಉಳುಮೆ ಮಾಡಿಕೊಂಡು ಬಂದ ರೈತರೇ ಹೆಚ್ಚು. ನೇಗಿಲು ಹಿಡಿದ ಕೈಯಲ್ಲೇ ಅಷ್ಟಮಿ ಚತುರ್ದಶಿಗಳ ಉಪವಾಸವನ್ನೂ ಹಿಡಿದವರು ಅವರು. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರ ಸಂಖ್ಯೆ 4,40,280; ನಾಡಿನ ಜನಸಂಖ್ಯೆಯ ಶೇಕಡಾ ಒಂದೂ ಇಲ್ಲ. ಇಷ್ಟು ಚಿಕ್ಕ ಸಮುದಾಯದ ಒಳಗೆ ಇಂಥ ವೈವಿಧ್ಯ ಉಳಿದಿರುವುದಕ್ಕೆ ಸಂಕಲ್ಪ ಮತ್ತು ಕ್ರಿಯೆಗಳನ್ನು ಬೇರೆ ಮಾಡಿ ನೋಡಿದ ಆ ಹಳೆಯ ವಿವೇಕವೂ ಒಂದು ಆಧಾರ.

ಶ್ರಾವಕಾಚಾರವನ್ನು, ಎಂದರೆ ಜೈನ ಗೃಹಸ್ಥರ ನಡೆಯನ್ನು, ವಿವರಿಸುವವರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದೇ ಮಾಡುವ ಸಂಕಲ್ಪೀ. ಒಲೆ, ಒರಳು, ಪೊರಕೆಗಳಲ್ಲಿ ಆಗುವ ಆರಂಭೀ. ದುಡಿಮೆಯಲ್ಲಿ ಬರುವ ಉದ್ಯೋಗೀ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧೀ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಮುನಿಗಳಿಗೆ ನಾಲ್ಕೂ ನಿಷಿದ್ಧ. ಗಂಗರ ದಂಡನಾಯಕ ಚಾವುಂಡರಾಯ ರಣರಂಗದಲ್ಲಿ ಗಳಿಸಿದ ಬಿರುದುಗಳನ್ನು ಹೊತ್ತುಕೊಂಡೇ ಶ್ರವಣಬೆಳಗೊಳದ ಬೆಟ್ಟದ ಮೇಲೆ, ಸುಮಾರು 981ರಲ್ಲಿ, ಆಯುಧವಿಲ್ಲದ, ಬಟ್ಟೆಯಿಲ್ಲದ ಗೊಮ್ಮಟನನ್ನು, ಎಂದರೆ ಬಾಹುಬಲಿಯನ್ನು, ನಿಲ್ಲಿಸಿದ್ದನ್ನು ಈ ವಿಂಗಡಣೆಯ ಬೆಳಕಿನಲ್ಲಿ ನೋಡಬೇಕು. ಅದಕ್ಕೂ ನಾಲ್ಕು ದಶಕ ಹಿಂದೆ, 941ರಲ್ಲಿ, ತಾನೂ ಯೋಧನಾಗಿದ್ದ ಪಂಪ ‘ಆದಿಪುರಾಣ’ ಬರೆದಿದ್ದ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬರುತ್ತಾರೆ: ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಏಕೆ ಸಾಯಬೇಕು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಇಬ್ಬರೇ ಸೆಣಸಲಿ. ಯುದ್ಧದ ಒಳಹೊರಗನ್ನು ಬಲ್ಲ ಕವಿಯ ಕೈಯಲ್ಲಿ ಈ ಪ್ರಸಂಗಕ್ಕೆ ಬೇರೆಯೇ ತೂಕ ಬರುತ್ತದೆ.

ಹಿಟ್ಟಿನ ಪಶು ಜೈನರ ಕಥೆಯಲ್ಲಿ ಮಾತ್ರ ಇದ್ದದ್ದಲ್ಲ. ಜನ್ನನ ಕಾವ್ಯ ಹುಟ್ಟಿದ ಶತಮಾನದಲ್ಲೇ ತುಳುನಾಡಿನಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಂಪ್ರದಾಯ ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನಲ್ಲಿ ಮಾಡಿದ ಪಶುವನ್ನು ಒಪ್ಪಿತು. ಅದಕ್ಕಾಗಿ ಮುಂದೆ ವಾದವಿವಾದಗಳೇ ನಡೆದವು. ಒಂದು ಕಡೆ ಹಿಟ್ಟು ಹಿಂಸೆಯಿಂದ ಬಿಡುಗಡೆಯ ದಾರಿ. ಇನ್ನೊಂದು ಕಡೆ ಅದೇ ಹಿಟ್ಟು ಹಿಂಸೆಯ ಬೀಜ. ಎರಡೂ ಪ್ರಾಣಿಯ ಜೀವ ಉಳಿಸಿದವು ಎಂಬುದನ್ನು ಮರೆಯಬಾರದು. ಆಯುಧಪೂಜೆಯ ದಿನ ಕುಂಕುಮ ತುಂಬಿ ಒಡೆಯುವ ಬೂದುಗುಂಬಳಕಾಯಿಯೂ ಇದೇ ಪರ್ಯಾಯಗಳ ಸಾಲಿನಲ್ಲಿ ಬರುವಂಥದ್ದು. ಪ್ರಾಣಿಬಲಿ ತಡೆಯುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 1959ರಲ್ಲಿ. ಅದರ ಹಿಂದಿನ ಚರ್ಚೆಗೆ ಈ ನೆಲದಲ್ಲಿ ಏಳೆಂಟು ಶತಮಾನಗಳ ವಯಸ್ಸು. 1980ರಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಅದನ್ನು ಮತ್ತೆ ಕೆದಕಿದರು. ಅಲ್ಲಿ ರಾಣಿ ಜೈನಳು, ರಾಜ ಅವಳಿಗಾಗಿ ಜೈನನಾದವನು, ರಾಜನ ತಾಯಿ ಬಲಿ ಕೊಡುವ ಸಂಪ್ರದಾಯದವಳು. ಒಂದೇ ಸೂರಿನಡಿ ಎರಡು ನಂಬಿಕೆಗಳು ಬದುಕುವಾಗ ಸಂಕಲ್ಪದ ಲೆಕ್ಕ ಎಷ್ಟು ನೋವಿನದು ಎಂಬುದನ್ನು ಆ ನಾಟಕ ರಂಗದ ಮೇಲೆ ತಂದಿತು.

ಜನ್ನ ಯಾರಿಗಾಗಿ ಬರೆದ ಎಂಬುದಕ್ಕೆ ಕಾವ್ಯದಲ್ಲೇ ಸುಳಿವಿದೆ. ಜೀವದಯಾಷ್ಟಮಿಯ ದಿನ ಉಪವಾಸವಿದ್ದ ಶ್ರಾವಕರ ಕಿವಿಗಳಿಗೆ ಈ ಕಥೆ ಪಾರಣೆಯಾಗಲಿ ಎಂಬುದು ಅವನ ಆಸೆ. ಹೊಟ್ಟೆಗೆ ಊಟವಿಲ್ಲದ ದಿನ ಕಿವಿಗೆ ಊಟ! ಜೀವದಯಾಷ್ಟಮಿ ಬರುವುದು ಆಶ್ವಯುಜದ ನವರಾತ್ರಿಯಲ್ಲಿ. ಊರ ಮಾರಿಗುಡಿಗಳಲ್ಲಿ ಬಲಿ ನಡೆಯುತ್ತಿದ್ದ ದಿನಗಳಲ್ಲೇ ಜೈನರ ಮನೆ, ಬಸದಿಗಳಲ್ಲಿ ಉಪವಾಸ ಮತ್ತು ಯಶೋಧರನ ಕಥೆ. ಎದುರು ಗುಡಿಗೆ ಹೋಗಿ ಜಗಳ ತೆಗೆಯದೆ, ತನ್ನ ಮನೆಯಲ್ಲಿ ಹಸಿದು ಕೂತು ಕಥೆ ಕೇಳುವ ಈ ಕ್ರಮ ಪ್ರತಿಭಟನೆಯ ಒಂದು ಸೌಮ್ಯ ರೂಪ. ನೋಂಪಿಯ, ಎಂದರೆ ವ್ರತದ, ಕಥೆಗಳನ್ನು ಉಳಿಸಿಕೊಂಡು ಬಂದವರಲ್ಲಿ ಹೆಂಗಸರೇ ಮುಂದು. ಅಹಿಂಸೆಯ ಇತಿಹಾಸ ಬರೆಯುವಾಗ ಆಚಾರ್ಯರ ಹೆಸರುಗಳ ಪಟ್ಟಿ ಉದ್ದವಾಗುತ್ತದೆ. ಉಪವಾಸವಿದ್ದು, ಕಥೆ ಹೇಳಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಂದಿರ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಅದೊಂದು ದೊಡ್ಡ ಅನ್ಯಾಯ.

ಆ ತಾಯಂದಿರ ರಾಜ್ಯ ಅಡಿಗೆಮನೆ. ಹಳೆಯ ಜೈನ ಮನೆಗಳಲ್ಲಿ ದಿನ ಶುರುವಾಗುವುದು ನೀರು ಸೋಸುವುದರಿಂದ. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸುತ್ತಾರೆ. ಕೆಲಸ ಅಷ್ಟಕ್ಕೆ ಮುಗಿಯದು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳು ಒಣಗಿ ಸಾಯಬಾರದೆಂದು ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಒಂದು ಬಾವಿಯ ಜೀವವನ್ನು ಇನ್ನೊಂದಕ್ಕೆ ಹಾಕಬಾರದು. ಅದರ ನೆಲೆ ಅದಕ್ಕೆ. ತನಗೆ ಶುದ್ಧ ನೀರು ಬೇಕೆಂಬ ಆಸೆ ಎಲ್ಲರಿಗೂ ಇರುವಂಥದ್ದು. ಬಟ್ಟೆಯಲ್ಲಿ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವವನ್ನು ಅದರ ಮನೆಗೆ ಮುಟ್ಟಿಸಬೇಕೆಂಬ ಚಿಂತೆ ಅಪರೂಪದ್ದು.

ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು; ದೀಪದ ಬೆಳಕಿಗೆ ಹುಳಗಳು ಬಂದು ಬೀಳುತ್ತವೆ, ಕತ್ತಲಲ್ಲಿ ಅನ್ನದೊಳಗಿನ ಇರುವೆ ಕಾಣುವುದಿಲ್ಲ. ಮದ್ಯ, ಮಾಂಸ, ಜೇನುತುಪ್ಪಗಳ ಜತೆ ಅತ್ತಿ, ಆಲ, ಅರಳಿ, ಬಸರಿ ಮೊದಲಾದ ಐದು ಹಣ್ಣುಗಳೂ ವರ್ಜ್ಯ. ಅತ್ತಿಯ ಹಣ್ಣು ಬಿಡಿಸಿದವರಿಗೆ ಕಾರಣ ಹೇಳಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗೆಣಸು, ಮೂಲಂಗಿಗಳನ್ನು ವ್ರತಸ್ಥರು ಬಿಡುವುದು ಅವು ಅನಂತಕಾಯಗಳೆಂಬ ಕಾರಣಕ್ಕೆ. ಒಂದು ಗಡ್ಡೆಯ ಮೈಯಲ್ಲಿ ಎಣಿಸಲಾಗದಷ್ಟು ಜೀವಗಳು ಕೂಡಿ ಬಾಳುತ್ತವೆಂಬುದು ಜೈನ ಜೀವವಿಚಾರ. ಎಲ್ಲ ಮನೆಗಳೂ ಎಲ್ಲ ದಿನವೂ ಇವನ್ನು ಒಂದೇ ಬಿಗಿಯಲ್ಲಿ ಪಾಲಿಸುವುದಿಲ್ಲ. ಕೆಲವರು ಚಾತುರ್ಮಾಸದಲ್ಲಿ ಮಾತ್ರ, ಕೆಲವರು ಪರ್ವದ ದಿನಗಳಲ್ಲಿ ಮಾತ್ರ. ಗೃಹಸ್ಥರ ವ್ರತಗಳಿಗಿರುವ ಅಣುವ್ರತ ಎಂಬ ಹೆಸರೇ ಈ ಅಳತೆಗೆ ಎಡೆ ಕೊಡುತ್ತದೆ. ಶಕ್ತಿ ಇದ್ದಷ್ಟು ಹಿಡಿ, ಹಿಡಿದದ್ದನ್ನು ಬಿಡಬೇಡ. ಪ್ರಾಣಿಯ ಆಕಾರದ ಮಿಠಾಯಿ, ಬಿಸ್ಕತ್ತುಗಳನ್ನು ಮುರಿದು ತಿನ್ನಬಾರದೆಂದು ಮಕ್ಕಳಿಗೆ ಹೇಳುವ ಮನೆಗಳೂ ಇವೆ. ಆನೆಯ ತಲೆ ಮೊದಲು ತಿನ್ನಲೋ ಕಾಲು ಮೊದಲು ತಿನ್ನಲೋ ಎಂದು ಯೋಚಿಸುವ ಮಗುವಿನ ಕೈ ಹಿಡಿಯುವ ತಾಯಿಗೆ ಯಶೋಧರ ಚರಿತೆ ಇಡಿಯಾಗಿ ಗೊತ್ತಿದೆ, ಓದಿರಲಿ ಬಿಡಲಿ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯಲ್ಲಿ ಅಹಿಂಸೆ ಅಡಿಗೆಮನೆಯಿಂದ ನಡುಮನೆಗೆ ಬರುತ್ತದೆ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಹಿರಿಯರು ಕಿರಿಯರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ತಟ್ಟೆಯಲ್ಲಿ ಏನಿದೆ ಎಂಬುದಷ್ಟನ್ನೇ ನೋಡಿ ಅಹಿಂಸೆಯನ್ನು ಅಳೆಯುವವರು ಈ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲಗೆ ಮಾಡುವ ಗಾಯ ಹಲ್ಲು ಮಾಡುವ ಗಾಯಕ್ಕಿಂತ ಹೆಚ್ಚು.

ನಾಲಗೆಯ ಮಾತು ಬಂದರೆ ಅನೇಕಾಂತದ ಮಾತೂ ಬರಬೇಕು. ಕರ್ನಾಟಕದ ಜೈನ ಶಾಸನಗಳನ್ನು ಓದುವವರಿಗೆ ಒಂದು ಸಂಸ್ಕೃತ ಶ್ಲೋಕ ಬೇಸರ ಬರುವಷ್ಟು ಸಲ ಎದುರಾಗುತ್ತದೆ. ಮೂರು ಲೋಕದ ಒಡೆಯನ ಆ ಶಾಸನಕ್ಕೆ, ಎಂದರೆ ಜಿನಶಾಸನಕ್ಕೆ ಜಯವಾಗಲಿ, ಅದರ ತಪ್ಪದ ಲಾಂಛನ ಸ್ಯಾದ್ವಾದ ಎಂಬುದು ಅದರ ಸಾರ. ಎಂಟನೆಯ ಶತಮಾನದ ಅಕಲಂಕನ ‘ಪ್ರಮಾಣಸಂಗ್ರಹ’ದ ಮಂಗಳಶ್ಲೋಕ ಅದು. ಬಸದಿಗೆ ಗದ್ದೆ ಬಿಟ್ಟರೂ, ಯಾರೋ ಸಲ್ಲೇಖನದಿಂದ ಮುಡಿಪಿದರೂ, ಸೆಟ್ಟಿಯೊಬ್ಬ ಕೆರೆ ಕಟ್ಟಿಸಿದರೂ ಕಲ್ಲಿನ ಮೇಲೆ ಮೊದಲು ಈ ಶ್ಲೋಕ. ಗಂಗರ ಆನೆ, ಹೊಯ್ಸಳರ ಹುಲಿಯಂತೆ ಜೈನರ ಗುರುತಿನ ಮುದ್ರೆ ಒಂದು ತರ್ಕಪದ್ಧತಿ! ಯಾವ ಮತವೂ ತನ್ನ ಲಾಂಛನವಾಗಿ ಮಾತನಾಡುವ ಕ್ರಮವೊಂದನ್ನು ಹೀಗೆ ಕಲ್ಲಿಗೆ ಹಾಕಿದ ಉದಾಹರಣೆ ಬಲು ವಿರಳ.

ಆ ಕ್ರಮ ಏನು? ವಸ್ತು ಅನಂತ ಧರ್ಮಗಳುಳ್ಳದ್ದು, ಇದು ಅನೇಕಾಂತ. ಆಡುವ ಯಾವ ಮಾತೂ ಒಂದು ಬದಿಯನ್ನಷ್ಟೇ ಮುಟ್ಟುತ್ತದೆ. ಆದ್ದರಿಂದ ಪ್ರತಿ ಹೇಳಿಕೆಗೂ ‘ಸ್ಯಾತ್’ ಎಂಬ ಎಚ್ಚರದ ಪದ ಸೇರಬೇಕು, ಇದು ಸ್ಯಾದ್ವಾದ. ಅದಕ್ಕೆ ‘ಇರಬಹುದೇನೋ’ ಎಂದು ಅರ್ಥ ಹೇಳುವುದು ತಪ್ಪು. ‘ಈ ಬಗೆಯಿಂದ ನೋಡಿದರೆ ಹೀಗೆಯೇ’ ಎಂಬ ಖಚಿತತೆ ಅದರಲ್ಲಿದೆ. ಸಮಂತಭದ್ರರ ‘ಆಪ್ತಮೀಮಾಂಸೆ’ ಕೊಡುವ ಉದಾಹರಣೆ ಅಕ್ಕಸಾಲಿಗರ ಅಂಗಡಿಯದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಚಿನ್ನ ಬೇಕಾದವನಿಗೆ ಎರಡೂ ಇಲ್ಲ. ಒಂದೇ ಘಟನೆಯಲ್ಲಿ ಹುಟ್ಟು, ಅಳಿವು, ಉಳಿವು ಮೂರೂ ಇವೆ. ಮೂವರ ಅನುಭವವೂ ನಿಜ. ಈ ಪುಟ್ಟ ಗ್ರಂಥಕ್ಕೆ ಅಕಲಂಕ ‘ಅಷ್ಟಶತೀ’ ಎಂಬ ವ್ಯಾಖ್ಯಾನ ಬರೆದ. ಅದನ್ನು ಒಳಗೊಂಡು ವಿದ್ಯಾನಂದ ‘ಅಷ್ಟಸಹಸ್ರೀ’ ಬರೆದ. ಎಂಟುನೂರು ಎಂಟುಸಾವಿರವಾಯಿತು. ‘ಕವಿರಾಜಮಾರ್ಗ’ ಬಂದದ್ದೂ ರಾಷ್ಟ್ರಕೂಟರ ಇದೇ ಜೈನ ಪರಿಸರದಲ್ಲಿ, ಒಂಬತ್ತನೆಯ ಶತಮಾನದಲ್ಲಿ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲವನ ಬಳಿ ಇರುವುದೇ ನಿಜವಾದ ಬಂಗಾರ ಎಂಬರ್ಥದ ಅದರ ಮಾತು ಕನ್ನಡಿಗರ ನಾಲಗೆಯ ಮೇಲೆ ಇವತ್ತಿಗೂ ಇದೆ. ಸಹಿಸುವುದಕ್ಕೆ ಶಕ್ತಿ ಬೇಕು, ಅದು ಸುಲಭಕ್ಕೆ ದಕ್ಕದು ಎಂಬ ಅರಿವು ಆ ಮಾತಿನೊಳಗೇ ಇದೆ.

ಅನೇಕಾಂತವೆಂದರೆ ಬುದ್ಧಿಯ ಅಹಿಂಸೆ ಎಂಬ ವ್ಯಾಖ್ಯಾನ ಇಂದು ಎಲ್ಲೆಡೆ ಕೇಳಿಬರುತ್ತದೆ. ಅದು ಹಳೆಯ ಆಚಾರ್ಯರ ಮಾತಲ್ಲ. ವಿದ್ವಾಂಸ ಎ. ಬಿ. ಧ್ರುವ 1933ರಲ್ಲಿ ‘ಸ್ಯಾದ್ವಾದಮಂಜರಿ’ಯ ತಮ್ಮ ಸಂಪಾದನೆಯಲ್ಲಿ ಹೇಳಿದ ಮೇಲೆ ಅದು ಹಬ್ಬಿತು. ಅದಕ್ಕೂ ಮೊದಲು, 1926ರಲ್ಲಿ, ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ತಾವು ಅನೇಕಾಂತವಾದಿ ಎಂದು ಹೇಳಿಕೊಂಡಿದ್ದರು, ಎದುರಾಳಿಯ ಕಣ್ಣಿನಿಂದ ತಮ್ಮನ್ನು ನೋಡಿಕೊಳ್ಳಲು ಅದು ಕಲಿಸಿತೆಂದು ಬರೆದಿದ್ದರು. 1891ರಲ್ಲಿ ಮುಂಬಯಿಯಲ್ಲಿ ಪರಿಚಯವಾದ ಜೈನ ಸಾಧಕ ರಾಯಚಂದಭಾಯಿಯ ಪ್ರಭಾವ ಅವರ ಮೇಲೆ ಆಳವಾಗಿತ್ತು. ಇತ್ತೀಚಿನ ಸಂಶೋಧಕರು, ಜಾನ್ ಕಾರ್ಟ್, ಪಾಲ್ ಡಂಡಾಸ್ ಮೊದಲಾದವರು, ಈ ಸಮೀಕರಣವನ್ನು ಪ್ರಶ್ನಿಸಿದ್ದಾರೆ. ಮಧ್ಯಯುಗದ ಜೈನ ತಾರ್ಕಿಕರಿಗೆ ಅನೇಕಾಂತ ಎಂದರೆ ಉಳಿದವರೆಲ್ಲ ಒಂದೇ ಬದಿ ನೋಡುವ ಏಕಾಂತವಾದಿಗಳು ಎಂದು ತೋರಿಸಿ ಗೆಲ್ಲುವ ಆಯುಧ ಎಂಬುದು ಅವರ ವಾದ.

ಕನ್ನಡ ನಾಡಿನ ಕಲ್ಲುಗಳು ಈ ವಾದಕ್ಕೆ ಸಾಕ್ಷಿ ಒದಗಿಸುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ, ವಿದಿಶೆಗಳಲ್ಲಿ ವಾದದ ಭೇರಿ ಬಾರಿಸಿ ಕರಹಾಟಕಕ್ಕೆ ಬಂದರೆಂದಿದೆ, ಹುಲಿಯ ನಡೆಯಲ್ಲಿ. ಅದೇ ಶಾಸನದಲ್ಲಿ ಅಕಲಂಕ ಅರಸ ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ಸೋಲಿಸಿದ ಕಥೆಯೂ ಇದೆ. ಗೆದ್ದದ್ದು ಅಹಂಕಾರದಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ, ಆತ್ಮವಿಲ್ಲವೆಂಬ ನೈರಾತ್ಮ್ಯವನ್ನು ನಂಬಿ ಜನ ಹಾಳಾಗುತ್ತಿದ್ದಾರೆಂಬ ಕರುಣೆಯಿಂದ ಎಂದು ಅಕಲಂಕನ ಬಾಯಲ್ಲಿ ಹೇಳಿಸಲಾಗಿದೆ. ಎದುರಾಳಿಯನ್ನು ನೆಲ ಕಚ್ಚಿಸಿದ ಮೇಲೂ ತನ್ನ ಸಂಕಲ್ಪ ಶುದ್ಧವಾಗಿತ್ತೆಂದು ಸಮಜಾಯಿಷಿ ಕೊಡಬೇಕಾದ ಒತ್ತಡ ಆ ತಾರ್ಕಿಕನಿಗಿತ್ತು. ಹಿಟ್ಟಿನ ಕೋಳಿಯ ನ್ಯಾಯ ವಾದಸಭೆಗೂ ಹಬ್ಬಿದ್ದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು. ಆ ಒತ್ತಡ ಎಲ್ಲರಲ್ಲೂ ಇರಲಿಲ್ಲ. ಹನ್ನೆರಡನೆಯ ಶತಮಾನದ ಬ್ರಹ್ಮಶಿವ ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳನ್ನು ಹೀಯಾಳಿಸಿದ ಪರಿ ನೋಡಿದರೆ ಸ್ಯಾದ್ವಾದದ ಲಾಂಛನ ಅವನ ಕಣ್ಣಿಗೆ ಬಿದ್ದೇ ಇರಲಿಲ್ಲವೇನೋ ಎನಿಸುತ್ತದೆ.

ಇನ್ನೊಂದು ಬದಿಯೂ ಇದೆ. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಶೈವ ಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಅರಿದುಕೊಂಡು ಮತ್ತೆ ಪಡೆದು, ಜಿನಬಿಂಬವನ್ನು ಒಡೆದು, ಅರಸ ಬಿಜ್ಜಳನಿಂದ ಜಯಪತ್ರ ಪಡೆದದ್ದನ್ನು ಅದು ಹೇಳುತ್ತದೆ. ಗೋಡೆಯ ಶಿಲ್ಪಗಳು ತೋರಿಸುತ್ತವೆ. ಪವಾಡವನ್ನು ಪಕ್ಕಕ್ಕಿಟ್ಟರೂ ಬಿಂಬ ಒಡೆದ ನೋವು ಉಳಿಯುತ್ತದೆ. ಜನ್ನ ಕಾವ್ಯ ಬರೆದದ್ದು ಆ ಶಾಸನ ಹಾಕಿಸಿದ ಒಂಬತ್ತೋ ಹತ್ತೋ ವರ್ಷಕ್ಕೆ. ಸುತ್ತ ಬಿಂಬಗಳು ಉರುಳುತ್ತಿದ್ದ ಕಾಲದಲ್ಲಿ ಅವನ ಕಾವ್ಯ ವೈರಿಯತ್ತ ಬೆರಳು ತೋರಿಸದೆ ಅರಸನೊಬ್ಬನ ಒಳಮನಸ್ಸಿನ ಕತ್ತಿಯನ್ನು ಹುಡುಕುತ್ತದೆ.

ಸಹಬಾಳ್ವೆಯ ದಾಖಲೆಗಳು ಸಭೆಗಳಿಗಿಂತ ಮನೆಗಳಲ್ಲಿ ಹೆಚ್ಚು. ಹೊಯ್ಸಳ ಅರಸ ವಿಷ್ಣುವರ್ಧನ ವೈಷ್ಣವನಾಗಿದ್ದರೂ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಗಂಡನ ದಂಡನಾಯಕ ಗಂಗರಾಜನೂ ಜೈನ. ಧರ್ಮಸ್ಥಳದಲ್ಲಿ ಇಂದಿಗೂ ಆಡಳಿತ ಜೈನ ಹೆಗ್ಗಡೆ ಮನೆತನದ್ದು, ದೇವರು ಮಂಜುನಾಥ, ಪೂಜೆ ಮಾಧ್ವ ಬ್ರಾಹ್ಮಣರದು. ಲಕ್ಷದೀಪೋತ್ಸವದ ಹೊತ್ತಿಗೆ ಅ‌ಲ್ಲಿ ಸರ್ವಧರ್ಮ ಸಮ್ಮೇಳನ ಸೇರುತ್ತದೆ. ಬಂದ ಯಾತ್ರಿಕ ಅನ್ನಛತ್ರದ ಪಂಕ್ತಿಯಲ್ಲಿ ಕೂರುವಾಗ ಈ ಏರ್ಪಾಟನ್ನು ಸೋಜಿಗವೆಂದು ನೋಡುವುದೇ ಇಲ್ಲ. ಅಷ್ಟರಮಟ್ಟಿಗೆ ಅದು ರೂಢಿಯಾಗಿದೆ.

ಎಲ್ಲಕ್ಕಿಂತ ಹೆಚ್ಚು ಓದಬೇಕಾದದ್ದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಕಲ್ಲು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಅರಿಕೆ ಮಾಡಿಕೊಂಡರು. ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಸಿದ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆ ಸಲ್ಲಬೇಕು. ಜೈನದರ್ಶನಕ್ಕೆ ಬಂದ ಹಾನಿಯನ್ನು ವೈಷ್ಣವರು ತಮ್ಮ ದರ್ಶನಕ್ಕೆ ಬಂದ ಹಾನಿಯೆಂದೇ ಬಗೆಯಬೇಕು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ವೈಷ್ಣವ ಗುರು ತಿರುಮಲೆಯ ತಾತಯ್ಯ ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಮಿಕ್ಕದ್ದರಲ್ಲಿ ಪಾಳುಬಿದ್ದ ಜಿನಾಲಯಗಳನ್ನು ದುರಸ್ತಿ ಮಾಡಿ ಸುಣ್ಣ ಹೊಡೆಸಬೇಕು.

ನೊಂದವರೇ ಕಾವಲಿನ ಖರ್ಚು ಹೊತ್ತರು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಸತ್ಯವಿದೆ. ಆದರೆ ಜಿನಾಲಯಕ್ಕೆ ಸುಣ್ಣ ಹೊಡೆಸುವ ಹೊಣೆ ವೈಷ್ಣವ ಗುರುವಿನದು ಎಂಬ ವಿವರ ಯಾವ ತರ್ಕಗ್ರಂಥದಲ್ಲೂ ಇಲ್ಲ. ಅದು ಈ ಕಲ್ಲಿನ ಮೇಲೆ ಮಾತ್ರ ಇದೆ. ಇದೇ ಒಪ್ಪಂದದ ಇನ್ನೊಂದು ಪ್ರತಿ ಮಾಗಡಿಯ ಬಳಿಯ ಕಲ್ಯದಲ್ಲಿ ಸಿಕ್ಕಿದೆ. ಶಾಸನದ ಕೊನೆಗೆ ಕಲ್ಲೆಹದ ವ್ಯಾಪಾರಿ ಬುಸುವಿ ಸೆಟ್ಟಿಯ ಹೆಸರು ಬರುತ್ತದೆ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದವನು ಅವನು. ನಿನ್ನೆಯವರೆಗೆ ಕಾದಾಡಿದ ಎರಡು ಮತದವರೂ ಒಟ್ಟಿಗೆ ಸೇರಿ ಆ ಸೆಟ್ಟಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು.